ಲ್ಯಾಮಿಂಗ್ಟನ್ ರಸ್ತೆಗೆ ಒಂದು ಸವಾರಿ

ಡೊಂಬಿವಲಿಯಿಂದ ಗ್ರಾಂಟ್ ರೋಡಿಗೆ ಹೋಗಿ ಸಂಜೆಯೊಳಗೆ ಮನೆ ಸೇರಿದುದನ್ನು ಪ್ರವಾಸವೆಂದು ಬರೆಯಹೊರಟರೆ ವಾಚಕರು ನಕ್ಕಾರು. ನಮ್ಮ ಸಂಘದ ಬಾಂಧವರಲ್ಲಿ ಬದರಿ-ಕೇದಾರ ಕಂಡು ಬಂದವರಿದ್ದಾರೆ. ಮಗಳ ಬಾಣಂತನಕ್ಕೆಂದು ಅಮೇರಿಕೆಗೆ ಹೋಗಿ ನಯಾಗರ ನೋಡಿ ಬಂದವರೂ ಇದ್ದಾರೆ. ನಾವು ಮೂವರು, ಎಂದರೆ ಗಂಡಹೆಂಡಿರು ಮತ್ತು ಕಿರಿಯ ಮಗ, ನೋಡಿ ಬಂದುದು ಮುಂಬಯಿಯದೇ ಒಂದು ರಸ್ತೆಯನ್ನು. ಆದರೆ ಆ ಒಂದು ದಿನದ ಸವಾರಿಗೆ ಮೂರು ವಾರ ಸಿದ್ಧತೆ ನಡೆದಿತ್ತು. ಲೆಕ್ಕದ ಚೀಟಿಗಳು ಬರೆಯಲ್ಪಟ್ಟು ಹರಿಯಲ್ಪಟ್ಟಿದ್ದವು. ಮನೆಯಲ್ಲಿ ಎರಡು ಸಲ ಮಾತು ನಿಂತಿತ್ತು. ಕಾಶಿಗೆ ಹೋಗುವಾಗಲೂ ನಾವು ಇಷ್ಟು ಯೋಚಿಸಿರಲಿಲ್ಲ.

ಸವಾರಿಯ ಕಾರಣ ಒಂದು ಹಳೆಯ ಕಂಪ್ಯೂಟರು. ಹಿರಿಯ ಮಗ ಎಂಜಿನಿಯರಿಂಗ್ ಸೇರಿದ ವರ್ಷ, 2017ರ ದಸರೆಗೆ, ಅದು ನಮ್ಮ ಮನೆಗೆ ಬಂದಿತು. ಆಗಷ್ಟೇ ಬಂದಿದ್ದ ಆರು ಕೋರುಗಳ ರೈಜೆನ್ 5 1600 ಎಂಬ ಪ್ರೊಸೆಸರು, ಬಿ350 ಜಾತಿಯ ಮದರ್‌ಬೋರ್ಡು, 8 ಜಿಬಿಯ ಒಂದೇ ಒಂದು ರ‍್ಯಾಮ್ ಪಟ್ಟಿ, 4 ಜಿಬಿ ನೆನಪುಳ್ಳ ಜಿಟಿಎಕ್ಸ್ 1050 ಟಿಐ ಎಂಬ ಗ್ರಾಫಿಕ್ಸ್ ಕಾರ್ಡು, ಒಂದು ಹಾರ್ಡ್ ಡಿಸ್ಕು. ಈ ಹೆಸರುಗಳೆಲ್ಲ ಆಗ ನಮಗೆ ಮಂತ್ರಪುಷ್ಪದಂತೆ ಕೇಳಿಸಿದ್ದವು. ಅಭ್ಯಾಸಕ್ಕೆಂದು ಕೊಂಡುದು, ಮೊದಲ ರಾತ್ರಿಯೇ ಅದರಲ್ಲಿ ಬಂದೂಕು ಹಾರಿತು.

ಹಿರಿಯವನು ಓದು ಮುಗಿಸಿ 2022ರಲ್ಲಿ ಹೈದರಾಬಾದಿಗೆ ಕೆಲಸಕ್ಕೆ ಹೋದನು. ಯಂತ್ರ ತಮ್ಮನ ಪಾಲಿಗೆ ಬಂದಿತು. ಅಂದಿನಿಂದ ಪ್ರತಿ ಶನಿವಾರ ರಾತ್ರಿ ಅಣ್ಣತಮ್ಮಂದಿರು, ಒಬ್ಬ ಅಲ್ಲಿ ಒಬ್ಬ ಇಲ್ಲಿ, ಕಿವಿಗೆ ಹೆಡ್‌ಫೋನು ಹಾಕಿಕೊಂಡು ಒಂದೇ ಪಕ್ಷದಲ್ಲಿ ಕೌಂಟರ್-ಸ್ಟ್ರೈಕ್ ಆಡುತ್ತಾರೆ. ಮೊದಮೊದಲು ನಾವು ಗೊಣಗಿದೆವು. ಒಂದು ರಾತ್ರಿ ನೀರು ಕುಡಿಯಲು ಎದ್ದಾಗ ಬಾಗಿಲ ಸಂದಿಯಿಂದ ಕೇಳಿಬಂದ ಮಾತು ಹೀಗಿತ್ತು: "ಅಣ್ಣಾ, ಬಲಗಡೆ ಗ್ವಾಡಿ ಹಿಂದ ಇಬ್ಬರು ಇದ್ದಾರ. ನೀ ಮುಂದ ಹೋಗಬ್ಯಾಡ, ನಾ ಬರ್ತೀನಿ." ಮರಾಠಿ ಶಾಲೆಯಲ್ಲಿ ಕಲಿತು, ಗೆಳೆಯರೊಡನೆ ಹಿಂದಿಯಾಡಿ, ನಾವು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗ ಆ ಒಂದು ತಾಸು ತನ್ನ ಅಜ್ಜನ ಧಾರವಾಡದ ಕನ್ನಡವನ್ನು ತಡವರಿಸದೆ ಆಡುತ್ತಿದ್ದನು. ಎದುರು ಪಕ್ಷದವರಿಗೆ ತಿಳಿಯಬಾರದೆಂದೇ ಕನ್ನಡ ಎಂದು ಆಮೇಲೆ ಗೊತ್ತಾಯಿತು. ಕಾರಣ ಏನಾದರೂ ಇರಲಿ, ನಾವು ಗೊಣಗುವುದನ್ನು ಬಿಟ್ಟೆವು.

2023ರ ಸೆಪ್ಟೆಂಬರಿನಲ್ಲಿ ಆ ಆಟದ ಹೊಸ ಅವತಾರ ಬಂದು ಹಳೆಯದರ ಜಾಗದಲ್ಲಿ ಕುಳಿತಿತು. ಹೊಸದು ಹೆಚ್ಚು ಭಾರವಾದುದು. ನಮ್ಮ ಯಂತ್ರ ಏದುಸಿರು ಬಿಡತೊಡಗಿತು. ಚಿತ್ರ ನಡುವೆ ತಡೆದು ನಿಲ್ಲುವುದು, ಮಾತು ಕತ್ತರಿಸಿಹೋಗುವುದು. ತಮ್ಮ "ಅಣ್ಣಾ, ಕೇಳಸ್ತದೇನು?" ಎನ್ನುವುದು, ಅಣ್ಣ ಏನೋ ಹೇಳುವುದು, ಅಷ್ಟರಲ್ಲಿ ಇವನು ಸತ್ತು ಬಿದ್ದಿರುವುದು. ಒಂದು ತಾಸಿನ ಆಟ ಅರ್ಧ ತಾಸಾಯಿತು. ವಾರಕ್ಕೊಮ್ಮೆ ಇದ್ದುದು ಹದಿನೈದು ದಿನಕ್ಕೊಮ್ಮೆ ಆಯಿತು. 2025ರ ದೀಪಾವಳಿಯ ನಂತರ ಎರಡು ಶನಿವಾರ ಆ ಕೋಣೆಯಲ್ಲಿ ಸದ್ದೇ ಇರಲಿಲ್ಲ.

ಹುಡುಗ ಸಣ್ಣ ಮಕ್ಕಳಿಗೆ ಗಣಿತ ಹೇಳಿಕೊಟ್ಟು ಎಂಟು ಸಾವಿರ ಕೂಡಿಹಾಕಿದ್ದನು. ನಾವು ಹನ್ನೆರಡು ಕೊಡುವೆವೆಂದೆವು. ಇಪ್ಪತ್ತು ಸಾವಿರದೊಳಗೆ ಯಾವ ಭಾಗವನ್ನು ಬದಲಿಸಬೇಕು, ಯಾವುದನ್ನು ಇರಗೊಡಬೇಕು ಎಂಬುದೇ ಪ್ರಶ್ನೆ.

ಸಲಹೆಗಳಿಗೆ ಬರವಿರಲಿಲ್ಲ. ಎದುರು ಮನೆಯವರು ಎಲ್ಲವನ್ನೂ ಭಂಗಾರಿನವನಿಗೆ ಕೊಟ್ಟು ಕಂತಿನ ಮೇಲೆ ಲ್ಯಾಪ್‌ಟಾಪು ಕೊಳ್ಳಿರೆಂದರು. ಗೆಳೆಯರು ಗ್ರಾಫಿಕ್ಸ್ ಕಾರ್ಡು ಬದಲಿಸಿದರೆ ಸಾಕೆಂದರು. ಹುಡುಗನ ಮನಸ್ಸೂ ಕಾರ್ಡಿನ ಮೇಲೆಯೇ ಇತ್ತು, ಏಕೆಂದರೆ ಕಾರ್ಡು ಕಾಣಿಸುವ ವಸ್ತು, ಫ್ಯಾನುಗಳಿರುತ್ತವೆ, ದೀಪಗಳಿರುತ್ತವೆ. ಹೈದರಾಬಾದಿನಿಂದ ಅಣ್ಣ ಮಾತ್ರ ಬೇರೆ ಹೇಳಿದನು: "ಮೊದಲ ಅಳತಿ ಮಾಡೋ, ಆಮ್ಯಾಲ ಅಂಗಡಿಗೆ ಹೋಗು. ಯಾವುದು ತಡೀತದ ಅಂತ ಗೊತ್ತಿಲ್ಲದ ರೊಕ್ಕ ಹಾಕಬ್ಯಾಡ."

ಅಳತೆಗೂ ಮುಂಚೆ ಧೂಳು. ಪೆಟ್ಟಿಗೆಯ ಬದಿಯ ತಗಡನ್ನು ಬಿಚ್ಚಿದಾಗ ಡೊಂಬಿವಲಿಯ ಎಂಟು ವರ್ಷಗಳ ಧೂಳು ಕಂಬಳಿಯಂತೆ ಹಾಸಿತ್ತು. ಫ್ಯಾನು ತಿರುಗುತ್ತಿತ್ತಾದರೂ ಗಾಳಿ ಹೋಗಲು ದಾರಿಯೇ ಇರಲಿಲ್ಲ. ಬಣ್ಣ ಬಳಿಯುವ ಕುಂಚದಿಂದ ಒಂದು ಮಧ್ಯಾಹ್ನ ಕೂತು ತೆಗೆದೆವು. ಬಿಸಿಯಾದ ಪ್ರೊಸೆಸರು ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸಿಕೊಳ್ಳುತ್ತದಂತೆ. ಧೂಳು ತೆಗೆದ ಮೇಲೆ ಅದರ ಶಾಖ ಕಣ್ಣಿಗೆ ಕಾಣುವಷ್ಟು ಇಳಿಯಿತು, ಆಟವೂ ಕೊಂಚ ಸುಧಾರಿಸಿತು. ಒಂದು ಕಾಸಿನ ಖರ್ಚಿಲ್ಲದೆ ಆದ ಈ ಲಾಭದ ಬಗೆಗೆ ಮನೆಯಲ್ಲಿ ಬಹಳ ಹೆಮ್ಮೆ ಪಟ್ಟುಕೊಂಡೆವು.

ಆಮೇಲೆ ಅಳತೆ. ಅದರ ಉಪಾಯ ಬಹಳ ಸುಲಭವಾದುದು. ಇಂಥ ಯಂತ್ರ ಮನೆಯಲ್ಲಿರುವ ಯಾರೂ ಮಾಡಿ ನೋಡಬಹುದು. ಪರದೆಯ ಮೇಲಿನ ಚಿತ್ರವನ್ನು ಬಿಡಿಸುವ ಕೆಲಸ ಗ್ರಾಫಿಕ್ಸ್ ಕಾರ್ಡಿನದು. ಯಾರು ಎಲ್ಲಿ ನಿಂತಿದ್ದಾರೆ, ಗುಂಡು ಎಲ್ಲಿ ತಾಗಿತು ಎಂಬ ಲೆಕ್ಕ ಪ್ರೊಸೆಸರಿನದು. ಆಟದೊಳಗೆ ಚಿತ್ರದ ಅಳತೆಯನ್ನು 1920×1080ರಿಂದ 1280×720ಕ್ಕೆ ಇಳಿಸಿದರೆ ಕಾರ್ಡಿನ ಹೊರೆ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಪ್ರೊಸೆಸರಿನ ಹೊರೆ ಹಾಗೆಯೇ ಉಳಿಯುತ್ತದೆ. ಹಾಗೆ ಇಳಿಸಿದಾಗ ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ ಜಿಗಿದರೆ ತಡೆ ಕಾರ್ಡಿನಲ್ಲಿದೆ. ಇದ್ದಲ್ಲೇ ಇದ್ದರೆ ತಡೆ ಪ್ರೊಸೆಸರಿನಲ್ಲಿಯೋ ಮೆಮರಿಯಲ್ಲಿಯೋ ಇದೆ. ನಮ್ಮಲ್ಲಿ ಸರಾಸರಿ ಸ್ವಲ್ಪ ಏರಿತು. ಆದರೆ ಹತ್ತು ಜನ ಒಂದೆಡೆ ಸೇರಿ ಹೊಡೆದಾಡುವ ಹೊತ್ತಿನಲ್ಲಿ ಸಂಖ್ಯೆ ಮೊದಲಿನಂತೆಯೇ ನಲವತ್ತಕ್ಕೆ ಕುಸಿಯಿತು. ಸಾಯುವುದು ಆ ಹೊತ್ತಿನಲ್ಲಿಯೇ.

ಇನ್ನೊಂದು ಸಂಗತಿ ಬೆಳಕಿಗೆ ಬಂದಿತು. ಆಟ, ಅಣ್ಣನೊಡನೆ ಮಾತಾಡುವ ತಂತ್ರಾಂಶ, ಹಿಂದೆ ತೆರೆದಿಟ್ಟ ಬ್ರೌಸರು, ಇಷ್ಟು ಸೇರಿ 8 ಜಿಬಿ ರ‍್ಯಾಮ್ ತುಂಬಿ ತುಳುಕುತ್ತಿತ್ತು. ತುಳುಕಿದ್ದು ಹಾರ್ಡ್ ಡಿಸ್ಕಿಗೆ ಹೋಗುತ್ತಿತ್ತು. ಹಾರ್ಡ್ ಡಿಸ್ಕೆಂದರೆ ತಿರುಗುವ ತಟ್ಟೆ. ಅಲ್ಲಿಂದ ಮರಳಿ ತರುವಷ್ಟರಲ್ಲಿ ಚಿತ್ರ ನಿಂತಿರುತ್ತಿತ್ತು, ಮಾತು ಕತ್ತರಿಸಿರುತ್ತಿತ್ತು. ಅಡಿಗೆಮನೆಯಲ್ಲಿ ಕಟ್ಟೆ ಸಾಲದೆ ಅರ್ಧ ಸಾಮಾನನ್ನು ಅಟ್ಟದ ಮೇಲಿಟ್ಟು, ಒಗ್ಗರಣೆ ಸೀಯುವಾಗ ಸಾಸಿವೆಗೆಂದು ಏಣಿ ಹತ್ತಿದಂತೆ. ಸಾಲದ್ದಕ್ಕೆ ರ‍್ಯಾಮ್ ಪಟ್ಟಿ ಒಂದೇ ಇದ್ದುದರಿಂದ ಪ್ರೊಸೆಸರಿಗೂ ಮೆಮರಿಗೂ ನಡುವಣ ಎರಡು ಹಾದಿಗಳಲ್ಲಿ ಒಂದು ಮಾತ್ರ ಬಳಕೆಯಲ್ಲಿತ್ತು. ಜೋಡಿ ಪಟ್ಟಿ ಹಾಕಿದರೆ ಎರಡೂ ತೆರೆಯುತ್ತವೆ.

ಹುಡುಗನಿಗೆ ಕಾರ್ಡಿನ ಆಸೆ ಇನ್ನೂ ಹೋಗಿರಲಿಲ್ಲ. ಆಗ ಅಣ್ಣ ಒಂದು ಪ್ರಶ್ನೆ ಹಾಕಿದನು: ನಮ್ಮ ಮಾನಿಟರು ಸೆಕೆಂಡಿಗೆ ಎಷ್ಟು ಚಿತ್ರ ತೋರಿಸುತ್ತದೆ? ಅರವತ್ತು. ಅಂದಮೇಲೆ ಇನ್ನೂರು ಮೂಡಿಸುವ ಕಾರ್ಡು ತಂದು ಏನು ಫಲ? ಬೇಕಾದುದು ಇನ್ನೂರಕ್ಕೆ ಏರುವುದಲ್ಲ, ಅರವತ್ತರ ಕೆಳಗೆ ಇಳಿಯದಿರುವುದು. ಈ ಮಾತಿಗೆ ಹುಡುಗ ಎರಡು ದಿನ ಉತ್ತರ ಕೊಡಲಿಲ್ಲ. ಮಾತು ನಿಂತ ಎರಡು ಸಲಗಳಲ್ಲಿ ಇದು ಮೊದಲನೆಯದು.

ಪ್ರೊಸೆಸರನ್ನು ಬದಲಿಸಬಹುದೆ ಎಂಬುದನ್ನೂ ಮನೆಯಲ್ಲಿಯೇ ತೀರ್ಮಾನಿಸಿಕೊಂಡು ಹೊರಡಬೇಕಾಗಿತ್ತು. ನಮ್ಮ ಬೋರ್ಡಿನ ಸಾಕೆಟ್ಟಿಗೆ ಎಎಂ4 ಎಂದು ಹೆಸರು. ಎಎಂಡಿ ಕಂಪನಿ ಅದನ್ನು ವರ್ಷಗಟ್ಟಲೆ ಬದಲಿಸದೆ ಉಳಿಸಿಕೊಂಡು ಬಂದುದು ನಮ್ಮ ಪುಣ್ಯ. 2017ರ ಬೋರ್ಡುಗಳಿಗೂ ರೈಜೆನ್ 5000 ಸಾಲಿನ ಪ್ರೊಸೆಸರುಗಳನ್ನು ಹಾಕಲು 2022ರಲ್ಲಿ ಕಂಪನಿ ಅಧಿಕೃತವಾಗಿ ದಾರಿ ಮಾಡಿಕೊಟ್ಟಿತು. ಆದರೆ ಬೋರ್ಡು ತಯಾರಿಸಿದವರ ಪಟ್ಟಿಯಲ್ಲಿ ಹೆಸರಿದೆಯೇ ಎಂದು ನೋಡಿಕೊಳ್ಳಬೇಕು. ಬೋರ್ಡಿನೊಳಗಿನ ಬಯಾಸ್ ಎಂಬ ಮೂಲ ತಂತ್ರಾಂಶವನ್ನು ಹಳೆಯ ಪ್ರೊಸೆಸರು ಇರುವಾಗಲೇ ಹೊಸದಾಗಿಸಬೇಕು. ಮೊದಲೇ ಪ್ರೊಸೆಸರು ಬದಲಿಸಿಬಿಟ್ಟರೆ ಬೋರ್ಡಿಗೆ ಹೊಸಬನ ಗುರುತು ಸಿಗುವುದಿಲ್ಲ. ಯಂತ್ರ ಏಳುವುದೇ ಇಲ್ಲ. ಬಯಾಸ್ ಬರೆಯುವಾಗ ನಡುವೆ ವಿದ್ಯುತ್ತು ಹೋದರಂತೂ ಬೋರ್ಡೇ ಹೋದಂತೆ. ನಮ್ಮ ಓಣಿಯ ವಿದ್ಯುತ್ತಿನ ಸ್ವಭಾವ ಬಲ್ಲ ನಾವು ಮೇಲಿನ ಮನೆಯವರ ಯುಪಿಎಸ್ಸನ್ನು ಒಂದು ರಾತ್ರಿಗೆ ಎರವಲು ತಂದೆವು. ಒಂದೇ ನೆಗೆತದಲ್ಲಿ ಆಗುವುದಲ್ಲ, ನಡುವೆ ಒಂದು ಮೆಟ್ಟಿಲಿತ್ತು. ಎರಡು ಸಲ ಬರೆಯಬೇಕಾಯಿತು. ಪರದೆಯ ಮೇಲೆ ಪಟ್ಟಿ ನೂರಕ್ಕೆ ನೂರು ಆಗುವ ತನಕ ಮನೆಯಲ್ಲಿ ಯಾರೂ ಮಿಕ್ಸರು ಹಾಕಲಿಲ್ಲ.

ಇಷ್ಟಾದ ಮೇಲೆ 2025ರ ಡಿಸೆಂಬರಿನ ಒಂದು ಶನಿವಾರ ಬೆಳಗ್ಗೆ ಹೊರಟೆವು. ಭಾನುವಾರ ಆ ರಸ್ತೆಯ ಅಂಗಡಿಗಳು ಮುಚ್ಚಿರುತ್ತವೆ. ಡೊಂಬಿವಲಿಯಲ್ಲಿ ಗಾಡಿ ಹತ್ತುವುದನ್ನು ವರ್ಣಿಸುವುದು ಬೇಡ, ಬಲ್ಲವರು ಬಲ್ಲರು. ದಾದರಿನಲ್ಲಿ ಇಳಿದು, ಸೇತುವೆ ದಾಟಿ, ಪಶ್ಚಿಮ ರೇಲ್ವೆಯ ನಿಧಾನ ಗಾಡಿಯಲ್ಲಿ ಗ್ರಾಂಟ್ ರೋಡು ಸೇರಿದೆವು. ಪೂರ್ವಕ್ಕೆ ಇಳಿದು ನಾಲ್ಕು ಹೆಜ್ಜೆ ನಡೆದರೆ ಲ್ಯಾಮಿಂಗ್ಟನ್ ರಸ್ತೆ. ಹಲಗೆಯ ಮೇಲೆ ಡಾ. ದಾದಾಸಾಹೇಬ ಭಡಕಮಕರ ಮಾರ್ಗ ಎಂದಿದ್ದರೂ ಬಾಯಲ್ಲಿ ಇನ್ನೂ 1903ರಿಂದ 1907ರ ವರೆಗೆ ಮುಂಬಯಿ ಪ್ರಾಂತದ ಗವರ್ನರನಾಗಿದ್ದ ಆ ಲಾಟಸಾಹೇಬನ ಹೆಸರೇ.

ಈ ರಸ್ತೆಗೂ ನಮಗೂ ಹಳೆಯ ನಂಟಿದೆ. 1960ರ ಸುಮಾರಿಗೆ ನಮ್ಮ ತೀರ್ಥರೂಪರು ಗಿರಗಾಂವದ ಚಾಳಿನಲ್ಲಿದ್ದಾಗ ಅವರಲ್ಲಿ ಒಂದು ವಾಲ್ವಿನ ರೇಡಿಯೋ ಇತ್ತು. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯನ್ನು ರಾತ್ರಿಯ ಹೊತ್ತು ಕರಕರ ಶಬ್ದದ ನಡುವೆ ಹಿಡಿದು ಕೇಳುವುದು ಅವರ ನಿತ್ಯವ್ರತ. ವಾಲ್ವು ಸುಟ್ಟರೆ ಅವರು ನಡೆದುಕೊಂಡು ಬರುತ್ತಿದ್ದುದು ಲ್ಯಾಮಿಂಗ್ಟನ್ ರಸ್ತೆಗೆ. ಇಡೀ ರೇಡಿಯೋ ಬದಲಿಸಿರೆಂದು ಅಂಗಡಿಯವನು ಹೇಳುತ್ತಿದ್ದನಂತೆ. ಅವರು ಒಂದು ವಾಲ್ವು ಕೊಂಡು ಕರವಸ್ತ್ರದಲ್ಲಿ ಸುತ್ತಿಕೊಂಡು ಮನೆಗೆ ಬರುತ್ತಿದ್ದರಂತೆ. ಇದನ್ನು ಹುಡುಗನಿಗೆ ಹೇಳಿದಾಗ ಅವನು, "ಅಜ್ಜಾನೂ ಅಪ್‌ಗ್ರೇಡ್ ಮಾಡತಿದ್ದ ಅನ್ನರಿ" ಎಂದನು.

ಇದೇ ರಸ್ತೆಯಲ್ಲಿ ಮಿನರ್ವಾ ಚಿತ್ರಮಂದಿರವಿತ್ತು. 1975ರ ಆಗಸ್ಟ್ 15ರಂದು ತೆರೆಕಂಡ ಶೋಲೆ ಅಲ್ಲಿ ಐದು ವರ್ಷ ನಡೆಯಿತು. ಆ ಚಿತ್ರ ತೆಗೆದುದು ನಮ್ಮ ರಾಮನಗರದ ಬಂಡೆಗಳ ನಡುವೆ. ಐದು ವರ್ಷ ಕಾಲ ಮುಂಬಯಿಯ ಜನ ಟಿಕೆಟ್ಟು ಕೊಂಡು ಕರ್ನಾಟಕದ ಕಲ್ಲುಗಳನ್ನು ನೋಡಿದರೆಂದು ನಾವು ಈ ದಾರಿಯಲ್ಲಿ ಹೋದಾಗಲೆಲ್ಲ ಹೇಳಿಕೊಳ್ಳುತ್ತೇವೆ. ಈಗ ಮಿನರ್ವಾ ಇಲ್ಲ. ರೇಡಿಯೋದವರ ಮಕ್ಕಳು ಕಂಪ್ಯೂಟರಿನವರಾಗಿದ್ದಾರೆ.

ಪುಣೆಯವರಿಗೆ ತಾಪಕೀರ ಗಲ್ಲಿ, ಚೆನ್ನೈಯವರಿಗೆ ರಿಚಿ ಬೀದಿ, ದಿಲ್ಲಿಯವರಿಗೆ ನೆಹರೂ ಪ್ಲೇಸು, ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ ಹೇಗೋ ನಮಗೆ ಇದು ಹಾಗೆ. ಹಳೆಯ ಕಟ್ಟಡಗಳು, ನೆಲಮಹಡಿಯಲ್ಲಿ ಅಂಗಡಿಯ ಮೇಲೆ ಅಂಗಡಿ. ಫುಟ್‌ಪಾತಿನ ಮೇಲೆ ಕೇಬಲುಗಳು ತೊಂಡೆಬಳ್ಳಿಯಂತೆ ಜೋತಾಡುತ್ತವೆ. ಒಳಗೆ ಆಳೆತ್ತರದ ಪೆಟ್ಟಿಗೆಗಳ ನಡುವೆ ಒಬ್ಬ ಕುಳಿತಿರುತ್ತಾನೆ. ಅವನು ತಲೆಯೆತ್ತದೆಯೇ ಬೆಲೆ ಹೇಳುತ್ತಾನೆ.

ಮೊದಲ ಅಂಗಡಿಯವನು ನಮ್ಮ ಚೀಟಿ ನೋಡಲಿಲ್ಲ. ಆಟಕ್ಕಾದರೆ ಕಾರ್ಡು ಎಂದು ಆರ್‌ಎಕ್ಸ್ 6600 ಎಂಬುದನ್ನು ಮುಂದಿಟ್ಟನು. 2021ರಲ್ಲಿ ಬಂದುದು, 8 ಜಿಬಿ ನೆನಪು, ಒಳ್ಳೆಯ ಕಾರ್ಡೇ. ಹುಡುಗ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ ರೀತಿ ನೋಡಿದರೆ ನಮ್ಮ ಮನಸ್ಸೂ ಕರಗುತ್ತಿತ್ತು. ಆದರೆ ಅದಕ್ಕೆ ಎಂಟು ಕಡ್ಡಿಗಳ ಪ್ರತ್ಯೇಕ ವಿದ್ಯುತ್ ತಂತಿ ಬೇಕು. ನಮ್ಮ ಹಳೆಯ ಕಾರ್ಡು ಬೋರ್ಡಿನಿಂದಲೇ ಶಕ್ತಿ ಹೀರಿಕೊಂಡು ನಡೆಯುವಂಥದು. ನಮ್ಮ ಪವರ್ ಸಪ್ಲೈ ಪೆಟ್ಟಿಗೆಯಲ್ಲಿ ಅಂಥ ತಂತಿಯೇ ಇಲ್ಲ. ಕಾರ್ಡು ಕೊಂಡರೆ ಪವರ್ ಸಪ್ಲೈ ಕೂಡ ಕೊಳ್ಳಬೇಕು. ಇಪ್ಪತ್ತು ಸಾವಿರ ಅಲ್ಲಿಗೇ ಮುಗಿದು ಇನ್ನೂ ಬೇಕಾಗುತ್ತದೆ. ಆ ಮೇಲೂ ಹೊಡೆದಾಟದ ಹೊತ್ತಿಗೆ ನಲವತ್ತೇ.

ಎರಡನೆಯ ಅಂಗಡಿಯವನು ಇನ್ನೂ ದೊಡ್ಡ ಮನಸ್ಸಿನವನು. ಹಳೆಯ ಎಎಂ4ಕ್ಕೆ ರೊಕ್ಕ ಹಾಕುವುದೇಕೆ, 2022ರಲ್ಲಿ ಬಂದ ಎಎಂ5ಕ್ಕೆ ಹೋಗಿಬಿಡಿ ಎಂದನು. ಮಾತು ಸುಳ್ಳಲ್ಲ, ಮುಂದೆ ಬೆಳೆಯಲು ಅವಕಾಶವಿರುವುದು ಅದರಲ್ಲೇ. ಆದರೆ ಅದಕ್ಕೆ ಹೊಸ ಬೋರ್ಡು ಬೇಕು, ಹೊಸ ಪ್ರೊಸೆಸರು ಬೇಕು, ರ‍್ಯಾಮ್ ಕೂಡ ಡಿಡಿಆರ್5 ಜಾತಿಯದೇ ಬೇಕು. ನಮ್ಮ ಡಿಡಿಆರ್4 ಪಟ್ಟಿ ಅದರಲ್ಲಿ ಕೂರುವುದೇ ಇಲ್ಲ. ರ‍್ಯಾಮಿನ ಬೆಲೆ ಕೇಳಿದಾಗ ಅವನು ಕ್ಯಾಲ್ಕುಲೇಟರು ಒತ್ತಿ ನಮ್ಮ ಕಡೆ ತಿರುಗಿಸಿದನು. ನಾವು ತಪ್ಪಾಗಿ ಎರಡು ಪಟ್ಟಿಯ ಬೆಲೆ ಹೇಳಿದಿರೇನು ಎಂದು ಕೇಳಿದೆವು. ಅವನು ನಕ್ಕು, ಇದು ಬೆಳಗಿನ ದರ, ಸಂಜೆಗೆ ಬಂದರೆ ಬೇರೆ ಎಂದನು. ಬಂಗಾರದಂಗಡಿಯಲ್ಲಿ ಕೇಳುವ ಮಾತು. ಕೃತಕ ಬುದ್ಧಿಯ ದೊಡ್ಡ ದೊಡ್ಡ ಗಣಕಾಗಾರಗಳಿಗೆಂದು ಮೆಮರಿ ಕಾರ್ಖಾನೆಗಳು ತಮ್ಮ ಉತ್ಪಾದನೆಯನ್ನು ತಿರುಗಿಸಿದ್ದರಿಂದ 2025ರ ಕೊನೆಯ ತಿಂಗಳುಗಳಲ್ಲಿ ಸಾಮಾನ್ಯರ ರ‍್ಯಾಮ್ ಹೀಗೆ ದುಬಾರಿಯಾಗಿತ್ತು. ಎಲ್ಲೋ ಯಾವುದೋ ಯಂತ್ರ ಬುದ್ಧಿವಂತವಾಗುವುದಕ್ಕೆ ಡೊಂಬಿವಲಿಯ ಮಾಸ್ತರಿಕೆಯ ರೊಕ್ಕ ಕರಗಬೇಕು!

ಹಸಿವಾಗಿತ್ತು. ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಕುಳಿತೆವು. ಗಲ್ಲೆಯ ಮೇಲಿದ್ದವರು ನಮ್ಮ ಮಾತು ಕೇಳಿ, "ಎಂತ, ಕಂಪ್ಯೂಟರಾ? ಬೆಳಗಿನಿಂದ ನಿಮ್ಮಂಥವರು ನಾಲ್ಕು ಮಂದಿ ಬಂದರು, ಎಲ್ಲರದ್ದೂ ಮುಖ ಹೀಗೇ" ಎಂದು ನೀರುದೋಸೆ ಕಳುಹಿಸಿದರು. ದೋಸೆಯ ತಟ್ಟೆ ಸರಿಸಿ ಚೀಟಿ ಬಿಡಿಸಿದೆವು. ಪ್ರೊಸೆಸರು ನಿಶ್ಚಿತ: ರೈಜೆನ್ 5 5600. ಅದೂ ಆರು ಕೋರಿನದೇ, ವಿದ್ಯುತ್ತಿನ ಲೆಕ್ಕವೂ ಹಳೆಯದರಂತೆ 65 ವಾಟ್. ಆದರೆ ಒಂದೊಂದು ಕೋರಿನ ಚುರುಕು ಬಹಳ ಹೆಚ್ಚು. ಸುಮಾರು ಅರ್ಧ ಹಣ ಅದಕ್ಕೇ. ಅದರಲ್ಲಿ ಇನ್ನೊಂದು ಅನುಕೂಲವಿತ್ತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಆಸರೆ ಮುಗಿದಿತ್ತು. ವಿಂಡೋಸ್ 11ರ ಪಟ್ಟಿಯಲ್ಲಿ ನಮ್ಮ ಹಳೆಯ 1600 ಇಲ್ಲ, 5600 ಇದೆ. ಮನೆಯ ಬ್ಯಾಂಕು, ಟಿಕೆಟ್ಟು, ಎಲ್ಲ ನಡೆಯುವುದು ಅದೇ ಯಂತ್ರದಲ್ಲಿ. ಈ ಕಾರಣಕ್ಕಾಗಿಯೇ ಹನ್ನೆರಡು ಸಾವಿರ ಕೊಡುವಾಗ ನಮಗೆ ಮನಸ್ಸು ನೋಯಲಿಲ್ಲವೆಂದು ಒಪ್ಪಿಕೊಳ್ಳಬೇಕು.

ರ‍್ಯಾಮ್ ಹಳೆಯದನ್ನು ಕೊಳ್ಳುವುದೆಂದಾಯಿತು. ಚಲಿಸುವ ಭಾಗಗಳಿಲ್ಲದ ವಸ್ತು, ಪರೀಕ್ಷಿಸಿ ತಂದರೆ ಭಯವಿಲ್ಲ. ಹಾರ್ಡ್ ಡಿಸ್ಕಿನ ಬದಲು 500 ಜಿಬಿಯ ಎಸ್‌ಎಸ್‌ಡಿ. ಉಳಿದುದು ನಾಲ್ಕು ಸಾವಿರದ ಆಚೀಚೆ. ಅದರಲ್ಲಿ ಗಾಜಿನ ಬದಿಯ, ಬಣ್ಣದ ದೀಪಗಳ ಹೊಸ ಪೆಟ್ಟಿಗೆ ಬೇಕೆಂದು ಹುಡುಗ. ಹೊಸ ಪವರ್ ಸಪ್ಲೈ ಎಂದು ನಾವು. ಎಂಟು ವರ್ಷ ಹಳೆಯದು, ಗ್ಯಾರಂಟಿ ಎಂದೋ ಮುಗಿದುದು. ಅದು ಸಾಯುವಾಗ ಒಂಟಿಯಾಗಿ ಸಾಯದೆ ಬೋರ್ಡು ಪ್ರೊಸೆಸರುಗಳನ್ನೂ ಜೊತೆಗೆ ಕರೆದೊಯ್ಯಬಹುದು. "ಅದು ಕಾಣಂಗಿಲ್ಲಲ್ಲವ್ವಾ, ಯಾರಿಗೂ ಕಾಣಂಗಿಲ್ಲ" ಎಂದನು. ಮಾತು ನಿಂತ ಎರಡನೆಯ ಸಲ ಇದು. ನೀರುದೋಸೆ ತಣ್ಣಗಾಯಿತು. ಕೊನೆಗೆ ಅಣ್ಣನಿಗೆ ಫೋನು ಹೋಯಿತು. ಅವನು ಕೆಲಸದ ನಡುವೆ ಎದ್ದು ಹೊರಗೆ ಬಂದು ಹೇಳಿದನು: "550 ವಾಟಿಂದು ತಗೋ, ಎಂಟು ಕಡ್ಡಿ ತಂತಿ ಇರೂದು. ಮುಂದಿನ ವರ್ಷ ಕಾರ್ಡ್ ನಾ ಕೊಡಸ್ತೀನಿ." ಆ ಕೊನೆಯ ಮಾತು ನಮ್ಮ ಲೆಕ್ಕದಲ್ಲಿರಲಿಲ್ಲ. ಹುಡುಗನ ಮುಖ ಅರಳಿತು; ಇನ್ನೊಂದು ದೋಸೆ ಹೇಳಿದನು.

ಕಾರ್ಡಿನ ಸರದಿ ಬರಲೇಬೇಕಾದುದು. ನಮ್ಮ 1050 ಟಿಐ ಪೀಳಿಗೆಯ ಕಾರ್ಡುಗಳಿಗೆ ಹೊಸ ಆಟಗಳಿಗಾಗಿ ಡ್ರೈವರು ಹೊರಡಿಸುವುದನ್ನು ಎನ್‌ವಿಡಿಯಾ 2025ರ ಅಕ್ಟೋಬರಿಗೆ ನಿಲ್ಲಿಸಿದೆ. ಸುರಕ್ಷತೆಯ ತಿದ್ದುಪಡಿಗಳು ಮಾತ್ರ 2028ರ ವರೆಗೆ ಇವೆ.

ಮಧ್ಯಾಹ್ನ ಕೊಳ್ಳುವ ಕೆಲಸ ಬೇಗ ಮುಗಿಯಿತು, ಒಂದು ರ‍್ಯಾಮ್ ಬಿಟ್ಟು. ಒಂದು ಸಣ್ಣ ಅಂಗಡಿಯಲ್ಲಿ ಹಳೆಯ 8 ಜಿಬಿ ಪಟ್ಟಿ ಸಿಕ್ಕಿತು. ನಮ್ಮದರಂತೆಯೇ 2400 ವೇಗದ್ದು. ಪರೀಕ್ಷಿಸಿ ಕೊಡಿರೆಂದಾಗ ಅಂಗಡಿಯವರು ಬೇಸರಿಸಿಕೊಂಡರು. ನಾವು ಅಲ್ಲಿಯೇ ಸ್ಟೂಲಿನ ಮೇಲೆ ಕುಳಿತೆವು. ಮೊದಲ ಪಟ್ಟಿ ಹತ್ತೇ ನಿಮಿಷಕ್ಕೆ ಪರದೆಯ ತುಂಬ ಕೆಂಪು ಗೆರೆಗಳನ್ನು ಬರೆಯಿತು. ಅಂಗಡಿಯವರು ಏನೂ ಹೇಳದೆ ಅದನ್ನು ಎತ್ತಿ ಅದೇ ಡಬ್ಬಿಗೆ ಮರಳಿ ಹಾಕಿದರು! ಎರಡನೆಯದು ಒಂದೂವರೆ ತಾಸು ತಪ್ಪಿಲ್ಲದೆ ಓಡಿತು. ಅಷ್ಟು ಹೊತ್ತು ಕುಳಿತುದಕ್ಕೆ ಅವರೇ ಕೊನೆಗೆ ಚಹಾ ತರಿಸಿದರು.

ಮರಳುವ ಗಾಡಿಯಲ್ಲಿ ಪ್ರೊಸೆಸರಿನ ಪೆಟ್ಟಿಗೆಯನ್ನು ಹುಡುಗ ಎದೆಗವಚಿಕೊಂಡು ನಿಂತಿದ್ದನು. ಠಾಣೆಯ ವರೆಗೆ ನಮ್ಮ ಮೂವರ ಕಾಲುಗಳೂ ನೆಲಕ್ಕೆ ತಾಗಿದವೆಂದು ಹೇಳಲಾರೆವು.

ಮರುದಿನ ಜೋಡಣೆ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು, ಏಕೆಂದರೆ ಇದರಲ್ಲಿ ಎಡವಿದವರು ಅನೇಕರು. ಎಎಂ4 ಪ್ರೊಸೆಸರಿನ ಅಡಿಯಲ್ಲಿ 1331 ಸೂಜಿಯಂಥ ಕಡ್ಡಿಗಳಿವೆ. ಪ್ರೊಸೆಸರಿಗೂ ಮೇಲಿನ ಕೂಲರಿಗೂ ನಡುವಣ ಪೇಸ್ಟು ಎಂಟು ವರ್ಷಗಳಲ್ಲಿ ಗಾರೆಯಂತೆ ಗಟ್ಟಿಯಾಗಿರುತ್ತದೆ. ಕೂಲರನ್ನು ನೇರ ಮೇಲಕ್ಕೆ ಎಳೆದರೆ ಪ್ರೊಸೆಸರೂ ಸಾಕೆಟ್ಟಿನಿಂದ ಕಿತ್ತುಕೊಂಡು ಬರುತ್ತದೆ. ಕಡ್ಡಿಗಳು ಬಾಗಿದರೆ ಹೋಯಿತು. ಆದ್ದರಿಂದ ಮೊದಲು ಅರ್ಧ ತಾಸು ಆಟವಾಡಿ ಯಂತ್ರವನ್ನು ಬಿಸಿಮಾಡಬೇಕು, ಆರಿಸಿ ತಂತಿ ಕಿತ್ತು, ಕೂಲರನ್ನು ಬಾಟಲಿಯ ಮುಚ್ಚಳದಂತೆ ಆಚೆ ಈಚೆ ಮೆಲ್ಲಗೆ ತಿರುವಬೇಕು. ನಮ್ಮಲ್ಲೊಬ್ಬರು ಟಾರ್ಚು ಹಿಡಿದೆವು, ಒಬ್ಬರು ಅಣ್ಣ ಕಾಣುವಂತೆ ಫೋನು ಹಿಡಿದೆವು. "ಸಾವಕಾಶ ತಮ್ಮಾ, ಸಾವಕಾಶ. ಎಳೀಬ್ಯಾಡ, ತಿರುವು" ಎಂದು ಹೈದರಾಬಾದಿನಿಂದ ದನಿ. ಅದು ಚಟ್ಟೆಂದು ಬಿಟ್ಟುಕೊಂಡಾಗ ನಮಗೆ ಮುರಿದೇಹೋಯಿತೆನಿಸಿತು. ಮುರಿದಿರಲಿಲ್ಲ, ಹಳೆಯ ಪ್ರೊಸೆಸರು ಸಾಕೆಟ್ಟಿನಲ್ಲಿಯೇ ಕುಳಿತಿತ್ತು.

ಎಲ್ಲ ಕೂಡಿಸಿ ಗುಂಡಿ ಒತ್ತಿದರೆ ಪರದೆ ಕಪ್ಪು. ಫ್ಯಾನು ತಿರುಗುತ್ತದೆ, ದೀಪ ಉರಿಯುತ್ತದೆ, ಪರದೆ ಕಪ್ಪು. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ತಾನೇ ಒಮ್ಮೆ ಆರಿ ಹತ್ತಿ, ಹೊಸ ಪ್ರೊಸೆಸರು ಬಂದಿದೆ, ಸುರಕ್ಷಾ ಕೀಲಿಗಳನ್ನು ಹೊಸದಾಗಿಸಲೇ ಎಂದು ಇಂಗ್ಲಿಷಿನಲ್ಲಿ ಕೇಳಿತು. ಹೌದು ಎಂದರೆ ಬೀಗ ಹಾಕಿದ ಡಿಸ್ಕಿನ ಕೀಲಿ ಕಳೆದೀತೆಂಬ ಎಚ್ಚರಿಕೆ ಜೊತೆಗಿತ್ತು. ನಮ್ಮ ಡಿಸ್ಕಿಗೆ ಬೀಗವಿರಲಿಲ್ಲ. ಹೌದು ಎಂದು ಒತ್ತಿದೆವು.

ಎಸ್‌ಎಸ್‌ಡಿಯ ಮೇಲೆ ವಿಂಡೋಸ್ 11 ಕೂರಿಸಿ, ಆಟವನ್ನು ಮತ್ತೆ ಇಳಿಸಿಕೊಂಡು ಅಳೆದಾಗ ಹೊಡೆದಾಟದ ಹೊತ್ತಿನಲ್ಲಿಯೂ ಸಂಖ್ಯೆ ಎಂಬತ್ತರ ಕೆಳಗೆ ಇಳಿಯಲಿಲ್ಲ. ಚಿತ್ರದ ಅಳತೆ ಇಳಿಸಿ ನೋಡಿದರೆ ಈಗ ಸಂಖ್ಯೆ ಜಿಗಿಯುತ್ತದೆ. ಅಂದರೆ ತಡೆ ಈಗ ಕಾರ್ಡಿನಲ್ಲಿದೆ. ಹುಡುಗ ಇದನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ಅಣ್ಣನಿಗೆ ಅದರ ಫೋಟೋ ಕಳಿಸಿದ್ದಾನೆ, ಮರೆತಾನೆಂದು. ಹಳೆಯ ಹಾರ್ಡ್ ಡಿಸ್ಕು ಮನೆಯ ಫೋಟೋಗಳನ್ನಿಟ್ಟುಕೊಂಡು ಒಳಗೆ ಒಂದು ಮೂಲೆಯಲ್ಲಿ ಉಳಿದಿದೆ. ಹಳೆಯ ಪ್ರೊಸೆಸರಿಗೆ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಫೋನಿನ ಮೇಲೆ ಹೇಳಿದ ಬೆಲೆ ಕೇಳಿ ಮಾರಲು ಮನಸ್ಸಾಗಲಿಲ್ಲ. ಹೊಸದು ಬಂದ ಪೆಟ್ಟಿಗೆಯಲ್ಲಿಯೇ ಅದನ್ನಿಟ್ಟು ಕಪಾಟಿಗೆ ಸೇರಿಸಿದ್ದೇವೆ.

ಮುಂದಿನ ಶನಿವಾರ ರಾತ್ರಿ ಹನ್ನೊಂದಾದರೂ ಕೋಣೆಯ ದೀಪ ಆರಿರಲಿಲ್ಲ. ಬಾಗಿಲು ತಟ್ಟಿ ಮಲಗೆಂದು ಹೇಳಲು ಹೋದೆವು. ಒಳಗಿನಿಂದ, "ಅವ್ವ ಬಂದ್ಲು ಅಣ್ಣಾ, ನೀನ ಹೇಳು" ಎಂದು ಹುಡುಗ ಹೆಡ್‌ಫೋನನ್ನು ತೆಗೆದು ನಮ್ಮ ಕೈಗೆ ಕೊಟ್ಟನು.